ಕಬ್ಬಿನ ಹಾಲು, ಕಾಕಂಬಿ ಮತ್ತು ಸರಕಾರದ ಬೆಲೆಪಟ್ಟಿ

ಹುದುಗೆಬ್ಬಿಸುವ ಯೀಸ್ಟಿಗೆ ಕಬ್ಬಿನ ಹಾಲೂ ಒಂದೇ, ಕಾರ್ಖಾನೆಯ ಕಾಕಂಬಿಯೂ ಒಂದೇ. ಸಕ್ಕರೆ ಎಲ್ಲಿದ್ದರೂ ಅದನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಮಾಡುವುದು ಅದರ ಸ್ವಭಾವ. 180 ಗ್ರಾಂ ಗ್ಲೂಕೋಸಿನಿಂದ ಹೆಚ್ಚೆಂದರೆ 92 ಗ್ರಾಂ ಮದ್ಯಸಾರ ದೊರೆಯುವುದು. ಉಳಿದ 88 ಗ್ರಾಂ ಅನಿಲವಾಗಿ ಗಾಳಿಗೆ ಸೇರುವುದು. ಆದುದರಿಂದ ಹುದುಗುತೊಟ್ಟಿಗೆ ಏನನ್ನು ಸುರಿಯಬೇಕೆಂಬುದನ್ನು ನಿರ್ಧರಿಸುವುದು ಯೀಸ್ಟೂ ಅಲ್ಲ, ರಸಾಯನಶಾಸ್ತ್ರಜ್ಞನೂ ಅಲ್ಲ. ಕೇಂದ್ರ ಸರಕಾರವು ನಿಗದಿಮಾಡುವ ಬೆಲೆಪಟ್ಟಿ. ಜೈವಿಕ ಇಂಧನದ ನಿಜವಾದ ನೀತಿ ಆ ಪಟ್ಟಿಯಲ್ಲಿಯೇ ಅಡಗಿದೆಯೆಂಬುದು ಈ ಲೇಖಕನ ಅಭಿಪ್ರಾಯ.

ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವ ಯೋಚನೆ ಹೊಸದೇನಲ್ಲ. ಅದಕ್ಕಾಗಿ 1948ರಲ್ಲಿಯೇ ಒಂದು ಕಾಯಿದೆಯಾಗಿತ್ತು. 2000ದಲ್ಲಿ ಅದು ರದ್ದಾಯಿತು. 2003ರಲ್ಲಿ ಕಾರ್ಯಕ್ರಮ ಮತ್ತೆ ಮೊದಲಾಯಿತಾದರೂ 2013–14ರಲ್ಲಿ ಬೆರಕೆ ನೂರಕ್ಕೆ ಒಂದೂವರೆಯಷ್ಟೇ ಇತ್ತು. ಆಮೇಲೆ ಮದ್ಯಸಾರಕ್ಕೆ ಒಳ್ಳೆಯ ಬೆಲೆ ಕಟ್ಟಿದರು. ಬಟ್ಟಿಗಳನ್ನು ಕಟ್ಟುವವರಿಗೆ 2018ರಿಂದ ಸಾಲದ ಬಡ್ಡಿಯಲ್ಲಿ ನೆರವಿತ್ತರು. 2022ರಲ್ಲಿ ಬೆರಕೆ ಶೇಕಡ 10ಕ್ಕೇರಿತು, 2025ರಲ್ಲಿ 20ನ್ನು ಮುಟ್ಟಿತು. ಇದು ಸಣ್ಣ ಸಾಧನೆಯಲ್ಲ. ವಿದೇಶೀ ಎಣ್ಣೆಗೆ ತೆರುವ ಹಣ ಅಷ್ಟರಮಟ್ಟಿಗೆ ಉಳಿಯಿತು. ಕಾರ್ಖಾನೆಗಳ ಕೈಯಲ್ಲಿ ಹಣವಾಡಿ, ಕಬ್ಬು ಬೆಳೆದವರಿಗೆ ಬಾಕಿ ಸಲ್ಲುವುದು ಸುಲಭವಾಯಿತು. ಮದ್ಯಸಾರದ ಒಂದು ಲೀಟರಿನಲ್ಲಿರುವ ಶಕ್ತಿಯು ಪೆಟ್ರೋಲಿನದರ ಮೂರರಲ್ಲೆರಡು ಪಾಲು ಮಾತ್ರವಾದುದರಿಂದ ವಾಹನದ ಓಟ ಸ್ವಲ್ಪ ಕಡಮೆಯಾಗುವುದೆಂದು ಜನರು ಆಡಿಕೊಳ್ಳುವುದುಂಟು. ಆ ಮಾತು ನಿಜವೇ. ಆದರೆ ಅದು ದೊಡ್ಡ ಪ್ರಶ್ನೆಯಲ್ಲ.

ದೊಡ್ಡ ಪ್ರಶ್ನೆ ನೀರಿನದು. 2024–25ರ ಪಟ್ಟಿಯಂತೆ, ಸಕ್ಕರೆಯನ್ನೆಲ್ಲ ತೆಗೆದಮೇಲೆ ಉಳಿಯುವ ಕಡೆಯ ಕಾಕಂಬಿಯ ಮದ್ಯಸಾರಕ್ಕೆ ಲೀಟರಿಗೆ 57.97 ರೂಪಾಯಿ, ಕಬ್ಬಿನ ಹಾಲಿನಿಂದಲೇ ಮಾಡಿದುದಕ್ಕೆ 65.61, ಮುಸುಕಿನ ಜೋಳದಿಂದ ಮಾಡಿದುದಕ್ಕೆ 71.86. ಹಾಲನ್ನು ಬಟ್ಟಿಗೆ ಕಳುಹಿಸಿದವನು ಸಕ್ಕರೆಯ ಲಾಭವನ್ನು ಬಿಟ್ಟಿರುವನಾದುದರಿಂದ ಅವನಿಗೆ ಹೆಚ್ಚು ಕೊಡುವುದು ವ್ಯಾಪಾರದ ದೃಷ್ಟಿಯಿಂದ ನ್ಯಾಯವೇ. ಆದರೆ ಈ ಲೆಕ್ಕದಲ್ಲಿ ಬಾವಿಗೂ ನಾಲೆಗೂ ಜಾಗವಿಲ್ಲ. ಕಬ್ಬಿನ ಒಂದು ಲೀಟರ್ ಮದ್ಯಸಾರದ ಹಿಂದೆ ಸುಮಾರು 2,860 ಲೀಟರ್ ನೀರಿದೆಯೆಂದು ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಹೀಗೆ ನೀರಿಗೆ ಬೆಲೆಯಿಲ್ಲ, ನೀರೆತ್ತುವುದಕ್ಕೂ ಬೆಲೆಯಿಲ್ಲ. ಎರಡನ್ನೂ ಕುಡಿದು ಬೆಳೆದ ಕಬ್ಬಿನ ಮದ್ಯಸಾರಕ್ಕೆ ಮಾತ್ರ ಮೇಲ್ಬೆಲೆ.

ಬೆಲೆಪಟ್ಟಿ ಮರೆತುದನ್ನು ಮಳೆ ನೆನಪಿಸಿತು. 2023ರಲ್ಲಿ ಕರ್ನಾಟಕದ ತಾಲ್ಲೂಕುಗಳಲ್ಲಿ ಬಹುಪಾಲು ಬರಪೀಡಿತವೆಂದು ಘೋಷಿತವಾದವು, ಕಬ್ಬು ಸೊರಗಿತು, ಸಕ್ಕರೆಯ ಅಭಾವದ ಭಯ ಹುಟ್ಟಿತು. ಡಿಸೆಂಬರ್ 7ರಂದು ಕೇಂದ್ರ ಸರಕಾರವು ಕಬ್ಬಿನ ಹಾಲಿನಿಂದ ಮದ್ಯಸಾರ ಮಾಡಬಾರದೆಂದು ಆಜ್ಞೆಮಾಡಿತು. ಸುಮಾರು ಒಂದು ವಾರದಲ್ಲಿ, 17 ಲಕ್ಷ ಟನ್ ಸಕ್ಕರೆಯ ಮಿತಿಯೊಳಗೆ ಮಾಡಬಹುದೆಂದು ಅದನ್ನು ಸಡಿಲಿಸಿತು. ಸಾಲಮಾಡಿ ಬಟ್ಟಿ ಕಟ್ಟಿದವನ ಗತಿಯನ್ನು ವಾಚಕರೇ ಊಹಿಸಬಹುದು. ಆಗ ಜೋಳವು ಕೈಹಿಡಿಯಿತು. 2023–24ರಲ್ಲಿ ಮದ್ಯಸಾರದ ಅತಿ ದೊಡ್ಡ ಮೂಲ ಅದೇ. ಜೋಳಕ್ಕೆ ನೀರು ಕಡಮೆ ಸಾಕು, ದಾವಣಗೆರೆ–ಹಾವೇರಿಗಳ ರೈತರಿಗೆ ಅದರಿಂದ ಅನುಕೂಲವೂ ಉಂಟು. ಆದರೆ ಅದೇ ಜೋಳವನ್ನು ನಂಬಿರುವ ಕೋಳಿಸಾಕಣೆಯವರು ಕಂಗೆಟ್ಟರು. ಜೋಳವನ್ನು ರಫ್ತುಮಾಡುತ್ತಿದ್ದ ದೇಶವು 2024ರಲ್ಲಿ ಅದನ್ನು ಆಮದು ಮಾಡಿಕೊಳ್ಳಬೇಕಾಯಿತು. ಎಣ್ಣೆಯ ಆಮದನ್ನು ತಗ್ಗಿಸಲು ಕಾಳನ್ನು ಆಮದು ಮಾಡುವುದು ವಿಚಿತ್ರವಾದ ಉಳಿತಾಯ.

ಬೆಲೆಯ ಶಕ್ತಿಯನ್ನು ತಿಳಿಯಬೇಕಾದರೆ ಡೀಸೆಲಿನ ಕಡೆ ನೋಡಬೇಕು. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಬಂಜರುಭೂಮಿಯಲ್ಲೆಲ್ಲ ಜಟ್ರೋಫಾ ಬೆಳೆಸುವ ಮಹಾಯೋಜನೆಯನ್ನು ಮುಂದಿಟ್ಟಿತು. ಆದರೆ 2006ರ ಮೊದಲಿಗೆ ಜಾರಿಗೆ ಬಂದ ಖರೀದಿ ದರ ಲೀಟರಿಗೆ 25 ರೂಪಾಯಿ. ಉತ್ಪಾದನೆಯ ಖರ್ಚೇ ಅದಕ್ಕಿಂತ ಮೇಲಿತ್ತು. ಗಿಡವೂ ನಿರೀಕ್ಷೆಯಷ್ಟು ಫಲ ಕೊಡಲಿಲ್ಲ. ಕರ್ನಾಟಕವು 2009ರಲ್ಲಿ ತನ್ನದೇ ಜೈವಿಕ ಇಂಧನ ನೀತಿಯನ್ನು ತಂದು ಹೊಂಗೆಯಂಥ ನಾಡಮರಗಳನ್ನು ಬದುಗಳಲ್ಲೂ ಬೀಳುಗಳಲ್ಲೂ ನೆಡಿಸಲು ಹೊರಟದ್ದು ಜಾಣತನವೇ. ಹೊಂಗೆಗೆ ನೀರು ಹಾಯಿಸಬೇಕಾಗಿಲ್ಲ, ಅದರ ಬೇರುಗಂಟುಗಳು ವಾಯುವಿನ ಸಾರಜನಕವನ್ನು ಮಣ್ಣಿಗೆ ಕಟ್ಟಿಕೊಡುವುವು, ಬೀಜದ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಎಣ್ಣೆ, ಹಿಂಡಿ ಗೊಬ್ಬರವಾಗುವುದು. ಆದರೂ ಮರದಡಿ ಉದುರಿದ ಕಾಯಿಯನ್ನು ಆಯ್ದು, ಸುಲಿದು, ಒಣಗಿಸಿ ಮಾರುವವಳಿಗೆ ಒಂದು ದಿನದ ಕೂಲಿ ಗಿಟ್ಟದಿದ್ದರೆ ನೀತಿಯಿಂದ ಏನು ಬಂತು?

ಹುಲ್ಲಿನಿಂದಲೂ ಮದ್ಯಸಾರವಾಗುವುದು. ಸೆಲ್ಯುಲೋಸೂ ಸಕ್ಕರೆಯ ಸರಪಣಿಯೇ. ಲಿಗ್ನಿನ್ ಎಂಬ ಗಟ್ಟಿ ಪದಾರ್ಥವು ಅದಕ್ಕೆ ಕವಚವಾಗಿರುವುದರಿಂದ ಬಿಡಿಸುವುದು ಕಷ್ಟ, ಖರ್ಚು. ಹರಿಯಾಣದ ಪಾಣಿಪತ್ತಿನಲ್ಲಿ 2022ರಲ್ಲಿ ಉದ್ಘಾಟನೆಯಾದ ಸ್ಥಾವರವು ಬತ್ತದ ಹುಲ್ಲಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಮಾಡುವ ಅಳತೆಯದು. ಗದ್ದೆಯಲ್ಲಿ ಸುಟ್ಟು ಹೊಗೆಯಾಗುತ್ತಿದ್ದ ಹುಲ್ಲಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದು?

ಹೆಚ್ಚಿನ ಬೆಲೆ ಸಲ್ಲಬೇಕಾದುದು ಇಂಥ ಮೂಲಗಳಿಗೆ: ಹುಲ್ಲು, ಕಬ್ಬಿನ ಸಿಪ್ಪೆ, ಕಾಕಂಬಿ, ಹೊಂಗೆಬೀಜ. ಕಬ್ಬಿನ ಹಾಲಿಗೆ ಕೊಡುವ ಮೇಲ್ಬೆಲೆಯನ್ನು ಹನಿನೀರಾವರಿಯಲ್ಲಿ ಬೆಳೆದ ಕಬ್ಬಿಗೆ ಮಾತ್ರ ಮೀಸಲಿಡಬಹುದು. ಜಲಾಶಯಗಳು ತುಂಬದ ವರ್ಷ ಅದು ತಾನಾಗಿಯೇ ಇಳಿಯುವಂತೆ ಮೊದಲೇ ಗೊತ್ತುಮಾಡಬಹುದು. ಕಾರ್ಖಾನೆಗಳವರು ಇದನ್ನು ಒಪ್ಪಲಾರರೆಂದು ಕೆಲವರು ಹೇಳುವರು. ಐದು ವರ್ಷ ಮುಂಚಿತವಾಗಿ ತಿಳಿಸಿದ ಕಠಿಣ ನಿಯಮವು ಡಿಸೆಂಬರಿನಲ್ಲಿ ಒಂದು ದಿನ ಹಠಾತ್ತನೆ ಬಂದಿಳಿಯುವ ಆಜ್ಞೆಗಿಂತ ಅವರಿಗೂ ಹೆಚ್ಚು ಸಹ್ಯವಾಗಿರಬೇಕು.