ತಂಗಳದ ಡಬ್ಬಿ ನಾವಲ್ಲ

ಒಂದು ಮಾತು ನೇರ ಹೇಳಿಬಿಡ್ತೀನಿ, ಸಿಟ್ಟು ಬಂದ್ರ ಬರಲಿ. ರಾತ್ರಿ ಉಳದ ಅನ್ನ, ಮುಂಜಾನಿ ಉಳದ ಸಾರು, ಬೋಗೋಣಿ ತಳಕ್ಕ ಹತ್ತಿದ ಪಲ್ಯಾ, ಇವನ್ನೆಲ್ಲಾ "ಚೆಲ್ಲೂದ್ಯಾಕ" ಅಂತ ನಾವ ಉಣ್ಣೂದಕ್ಕ ಉಳಿತಾಯ ಅಂತ ಹೆಸರಿಡಬ್ಯಾಡ್ರಿ. ಅದು ಅಳತಿ ತಪ್ಪಿದ ಅಡಗಿ. ಉಂಡೋರು ಎಲ್ಲಾರೂ, ದಂಡಾ ಕಟ್ಟಾಕಿ ಒಬ್ಬಾಕಿ.

ಅನ್ನ ಚೆಲ್ಲಬಾರದು ಅನ್ನೂದ್ರಾಗ ನಂದೇನೂ ತಕರಾರಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 2024ರಾಗ ಕೊಟ್ಟ ವರದಿ ಪ್ರಕಾರ, 2022ರಾಗ ಜಗತ್ತಿನ್ಯಾಗ ಹಾಳಾದ ಆಹಾರ ಸುಮಾರು 105 ಕೋಟಿ ಟನ್, ಅದರಾಗ 63 ಕೋಟಿ ಟನ್ ಮನಿಗಳದ್ದ. ಆದ್ರ ಕಸದ ಬುಟ್ಟಿಗೆ ಬದಲಿ ಅಂದ್ರ ಹೆಣ್ಣುಮಕ್ಕಳ ಹೊಟ್ಟಿ ಏನು? ಚೆಲ್ಲಬಾರದಂದ್ರ ಹೆಚ್ಚಿಗಿ ಮಾಡಬಾರದು. ಅಷ್ಟ.

ಹೆಚ್ಚಿಗಿ ಯಾಕ ಆಗ್ತದ? ಕಣ್ಣಳತಿ ಅನ್ನೋ ಜಂಬದಿಂದ. "ನನಗ ಅಳತಿ ಬೇಕಾಗಿಲ್ಲ, ಕೈಯ ಹೇಳ್ತದ" ಅಂತೀವಿ. ಆ ಕೈ ಹತ್ತು ಮಂದಿ ಇದ್ದ ಮನ್ಯಾಗ ಕಲತ ಕೈ. ಈಗ ಉಣ್ಣೋರು ನಾಕು ಮಂದಿ, ಕೈ ಇನ್ನೂ ಹತ್ತು ಮಂದಿಗೇ ಹಾಕ್ತದ. ಅಕ್ಕಿ ಡಬ್ಬ್ಯಾಗ ಒಂದು ವಾಟಗಾ ಖಾಯಂ ಇಡ್ರಿ. ಒಂದು ವಾಟಗಾ ಅಕ್ಕಿ ಸುಮಾರು ಮೂರು ವಾಟಗಾ ಅನ್ನ ಆಗ್ತದ. ಜೋಡಿ ರೊಟ್ಟಿ ಇದ್ರ ನಾಕು ಮಂದಿಗೆ ಅದು ಸಾಕು. ಜ್ವಾಳದ ಹಿಟ್ಟು ಒಂದ ಸಲ ನಾದಿ ಇಡಬ್ಯಾಡ್ರಿ. ಗೋದಿ ಹಿಟ್ಟಿನ ಜಿಗಿ ಅದಕ್ಕಿಲ್ಲ, ಆರಿದ್ರ ಬಿರೀತದ. ಎರಡೆರಡು ರೊಟ್ಟಿಗಾಗೂವಷ್ಟು ಬಿಸಿನೀರಾಗ ನಾದ್ರಿ, ಕೂತೋರು "ಸಾಕು" ಅಂದ ಕೂಡ್ಲೆ ನಿಲ್ಲಸ್ರಿ.

"ಬೀಗರು ಬಂದ್ರ?" ಅಂತ ಕೇಳ್ತೀರಿ. ಬರಲಿ. ಡಬ್ಬ್ಯಾಗ ಖಡಕ ರೊಟ್ಟಿ ಅದ, ಶೇಂಗಾ ಹಿಂಡಿ ಅದ, ಅವಲಕ್ಕಿ ಅದ. ಉಪ್ಪಿಟ್ಟು ಮಾಡೂದಕ್ಕ ಅರ್ಧ ತಾಸು ಹಿಡಿಯೂದಿಲ್ಲ. ಬರದ ಬೀಗರ ಸಲುವಾಗಿ ದಿನಾ ಎರಡು ವಾಟಗಾ ಹೆಚ್ಚಿಗಿ ಬೇಯಿಸಿ, ಮರುದಿನ ಅದನ್ನ ನಾವು ಒಬ್ರ ಕೂತು ನುಂಗೂದು ಯಾವ ಮರ್ಯಾದಿ?

ಉಳದ್ರ ಏನು ಮಾಡೂದು, ಅದೂ ಹೇಳ್ತೀನಿ. ಎಲ್ಲಾದಕ್ಕಿಂತ ಅನ್ನದ್ದ ಭಾಳ ಜ್ವಾಕಿ. ಅಕ್ಕಿಯೊಳಗ ಬ್ಯಾಸಿಲಸ್ ಸೀರಿಯಸ್ ಅನ್ನೋ ಸೂಕ್ಷ್ಮಜೀವಿಯ ಬೀಜಕಣ ಇರ್ತಾವ. ಅನ್ನ ಕುದ್ದರೂ ಅವು ಬದುಕಿ ಉಳೀಬಹುದು. ಬೆಚ್ಚಗಿನ ಅನ್ನ ಹೊರಗ ಕೂತ್ರ ಅವು ಬೆಳದು ವಿಷ ಬಿಡ್ತಾವ, ವಾಂತಿ ತರೋ ಆ ವಿಷ ಮತ್ತ ಕಾಸಿದ್ರೂ ಹೋಗೂದಿಲ್ಲ. ನಿಂಬಿಹಣ್ಣು ಹಿಂಡಿ, ಶೇಂಗಾ ಹಾಕಿ ವಗ್ಗರಣಿ ಕೊಟ್ರೂ ಹೋಗೂದಿಲ್ಲ. ವಾಸನಿ ಬಂದಿಲ್ಲ ಅಂದ್ರ ಕೆಟ್ಟಿಲ್ಲ ಅನ್ನೂದು ಅನ್ನದ ವಿಷಯದಾಗ ನಡಿಯೂದಿಲ್ಲ. ಅದಕ್ಕ, ಊಟ ಮುಗದ ಕೂಡ್ಲೆ ಉಳದ ಅನ್ನ ಅಗಲ ಪರಾತದಾಗ ತೆಳ್ಳಗ ಹರವಿ, ಒಂದು ತಾಸಿನ್ಯಾಗ ಆರಿಸಿ ಫ್ರಿಜ್‌ನ್ಯಾಗ ಇಡ್ರಿ. ಮರುದಿನಾನ ಖಾಲಿ ಮಾಡ್ರಿ. ಕಾಸೂದು ಒಂದ ಸಲ, ಅದೂ ಹೊಗಿ ಆಡೂವಂಗ. ರಾತ್ರಿಯೆಲ್ಲಾ ಕುಕ್ಕರ್‌ನ್ಯಾಗ ಮುಚ್ಚಿಟ್ಟ ಅನ್ನ ಯಾರಿಗೂ ಬ್ಯಾಡ, ನಿಮಗೂ ಬ್ಯಾಡ. ಮಜ್ಜಿಗಿ ಹಾಕಿ ಬೇಕಂತ ಹುಳಿ ಬರಸೋ ಅಂಬಲಿ ಮಾತು ಬ್ಯಾರೆ, ಮರತು ಬಿಟ್ಟ ಅನ್ನದ ಮಾತು ಬ್ಯಾರೆ.

ಉಳದ ರೊಟ್ಟಿಗೆ ಇಷ್ಟು ತ್ರಾಸಿಲ್ಲ. ಸಣ್ಣ ಉರಿ ಮ್ಯಾಲೆ ಹಂಚಿನ್ಯಾಗ ಅರಬಿಯಿಂದ ಒತ್ತಿ ಒತ್ತಿ ಖಡಕ ಮಾಡ್ರಿ. ಪೂರ್ತಿ ಆರಿದ ಮ್ಯಾಲೆ ಡಬ್ಬಿಗೆ ಹಾಕಿದ್ರ ವಾರಗಟ್ಟಲೆ ಇರ್ತದ.

ಈಗ ಹೊಟ್ಟಿ ಉರಿಯೋ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಾಗ 15ರಿಂದ 49 ವಯಸ್ಸಿನ ಹೆಂಗಸರಾಗ ನೂರಕ್ಕ 57 ಮಂದಿಗೆ ರಕ್ತಹೀನತೆ. ಗಂಡಸರಾಗ 25. ಮುಟ್ಟು, ಬಸರು, ಬಾಣಂತನ ಕಾರಣ ಹೌದು. ಹಂಗಂದ ಮ್ಯಾಲೆ ಯಾರಿಗೆ ಹೆಚ್ಚು ಬೇಕೋ ಅವರ ಕಡೀಗೆ ಕೂತು, ತಳದ ನೀರು ಸಾರು ಸುರಕೊಂಡು ಎದ್ದರ ಹೆಂಗ? ಕಾಳು ಎಲ್ಲಾ ಮೊದಲನೇ ಪಂಕ್ತಿಯೊಳಗ ಹೋಗಿರ್ತಾವ, ಸೊಪ್ಪಿನ ಪಲ್ಯಾ ಸೌಟಿಗೆ ಸಿಗೂದಿಲ್ಲ, ನಮಗ ಉಳಿಯೂದು ಅನ್ನ, ಉಪ್ಪಿನಕಾಯಿ.

ಅದಕ್ಕ ನನ್ನ ಮಾತು ಇಷ್ಟ: ಬಡಸೂದಕ್ಕಿಂತ ಮೊದಲ ನಿಮ್ಮ ಪಾಲಿನ ಪಲ್ಯಾ, ಕಾಳು ಒಂದು ಬಟ್ಟಲದಾಗ ತಗದು ಮುಚ್ಚಿಡ್ರಿ. ಕದ್ದು ಅಲ್ಲ, ಎಲ್ಲಾರ ಮುಂದ. ಮ್ಯಾಲೆ ನಿಂಬಿಹಣ್ಣು ಹಿಂಡಿಕೋರಿ, ಸೊಪ್ಪು-ಕಾಳಿನ ಕಬ್ಬಿಣದಂಶ ಮೈಗೆ ಹತ್ತಲಿಕ್ಕೆ ಹುಳಿ ಛಲೋ. ಚಹಾ ಊಟದ ಜೋಡಿ ಬ್ಯಾಡ, ಒಂದು ತಾಸು ಬಿಟ್ಟು ಕುಡೀರಿ. ತಂಗಳ ಉಳದಿದ್ರ ನಾಕೂ ಗಂಗಾಳಕ್ಕ ಸಮ ಹಂಚ್ರಿ. ಮಗನಿಗೂ, ಮಗನ ಅಪ್ಪಗೂ. "ಇದು ನಿನ್ನಿದೇನು?" ಅಂತ ಮುಖಾ ಸೊಟ್ಟ ಮಾಡಿದ್ರ, ಹೌದು ಅನ್ರಿ. ಚೆನ್ನಾಗಿ ಇಟ್ಟ ತಂಗಳ ಎಲ್ಲಾರಿಗೂ ನಡೀತದ. ಅವರಿಗೆ ನಡಿಯೂದಿಲ್ಲ ಅಂದ್ರ ನಮಗ್ಯಾಕ ನಡೀಬೇಕು?

ಸೊಸಿ ಬಂದಿದ್ರ ಆಕಿಗೂ ಇದನ್ನ ಮೊದಲನೇ ದಿನಾನ ಹೇಳ್ರಿ. ನಾವು ಉಂಡಂಗ ಆಕಿನೂ ಉಣ್ಣಲಿ ಅನ್ನೋ ಹಟ ಬ್ಯಾಡ.