ಹೊಸದು ತರಿಸುವುದೋ, ಹಳೆಯದನ್ನೇ ಕಟ್ಟಿಸುವುದೋ?

ಮಳವಳ್ಳಿ, ಮದ್ದೂರು, ಮಂಡ್ಯದ ರಸ್ತೆಗಳಲ್ಲಿ ಓಡಾಡುವ ಕಾರುಗಳಲ್ಲಿ ಎರಡನೆಯ, ಮೂರನೆಯ ಕೈಗೆ ಬಂದವು ಬೇಕಾದಷ್ಟಿವೆ. ಕಬ್ಬಿನ ಹಣ ಕೈಗೆ ಬಂದಾಗ ಕೊಂಡ ಹಳೆಯ ಕಾರು ಮನೆಯ ಎಲ್ಲ ಕೆಲಸಕ್ಕೂ ಬೇಕು. ಮಗಳನ್ನು ಪರೀಕ್ಷಾ ಕೇಂದ್ರಕ್ಕೆ ಮುಟ್ಟಿಸಬೇಕು, ಅಪರಾತ್ರಿಯಲ್ಲಿ ಅಜ್ಜಿಯನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯಬೇಕು. ಇಂಥ ಕಾರು ಒಂದು ಬೆಳಿಗ್ಗೆ ಕೀಲಿ ತಿರುಗಿಸಿದಾಗ ‘ಟಕ್’ ಎಂದು ಸುಮ್ಮನಾಗುತ್ತದೆ. ಗ್ಯಾರೇಜಿನವರು ಬಗ್ಗಿ ನೋಡಿ ಕೇಳುತ್ತಾರೆ: ‘ಅಣ್ಣ, ಸೆಲ್ಫು ಕೆಟ್ಟೋಗದೆ. ಕಂಪನಿದೇ ತರ್ಸದಾ, ಇದ್ನೇ ಕಟ್ಸದಾ?’

ಉತ್ತರ ಹೇಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದಿದೆ. ನಿಜವಾಗಿಯೂ ಕೆಟ್ಟಿರುವುದು ಸೆಲ್ಫ್ ತಾನೇ?

ಮೊದಲು ಬ್ಯಾಟರಿ ನೋಡಿ

ಐದು ಅಶ್ವಶಕ್ತಿಯ ತ್ರೀ ಫೇಸ್ ಪಂಪ್‌ಸೆಟ್ ಎಳೆಯುವ ವಿದ್ಯುತ್ತು ಸುಮಾರು 7-8 ಆಂಪಿಯರ್. ಸಣ್ಣ ಕಾರಿನ ಸೆಲ್ಫ್ ಮೋಟಾರು ಎಂಜಿನ್ ತಿರುಗಿಸುವ ಆ ಒಂದೆರಡು ಕ್ಷಣ ನೂರು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಬ್ಯಾಟರಿಯ ಟರ್ಮಿನಲ್ಲಿಗೆ ಬಿಳಿ ಪುಡಿ ಹತ್ತಿ, ಅಲ್ಲಿ 0.02 ಓಮ್‌ನಷ್ಟು ರೋಧ ಸೇರಿಕೊಂಡಿತೆನ್ನಿ. ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಓಮನ ನಿಯಮ ಇಲ್ಲಿ ನೆರವಿಗೆ ಬರುತ್ತದೆ: 150 ಆಂಪಿಯರ್ × 0.02 ಓಮ್ = 3 ವೋಲ್ಟ್. ಹನ್ನೆರಡು ವೋಲ್ಟಿನಲ್ಲಿ ಮೂರು ವೋಲ್ಟ್ ದಾರಿಯಲ್ಲೇ ಸೋರಿಹೋದರೆ ಒಳ್ಳೆಯ ಮೋಟಾರೂ ತಿರುಗದು.

ಆದ್ದರಿಂದ ಟರ್ಮಿನಲ್, ಅರ್ಥ್ ಕೇಬಲ್ ಉಜ್ಜಿ ಬಿಗಿ ಮಾಡಿ, ಮೀಟರು ಹಿಡಿದು ನೋಡಬೇಕು. ನಿಂತ ಕಾರಿನಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಇದ್ದರೆ ಆಲ್ಟರ್ನೇಟರ್ ಸರಿಯಿದೆ ಎಂದು ತಿಳಿಯಬಹುದು. ಕೆಡದ ಭಾಗವನ್ನು ಬದಲಿಸಿ ಕಳೆದುಕೊಳ್ಳುವ ದುಡ್ಡು ಎಲ್ಲಕ್ಕಿಂತ ದೊಡ್ಡ ನಷ್ಟ.

‘ಕಟ್ಟಿಸುವುದು’ ಎಂದರೇನು?

ಪಂಪ್‌ಸೆಟ್ ಮೋಟಾರು ಸುಟ್ಟರೆ ರೈತರು ಅದನ್ನು ಎಸೆಯುವುದಿಲ್ಲ, ರೀವೈಂಡಿಂಗ್ ಮಾಡಿಸುತ್ತಾರೆ. ಕಾರಿನ ಸೆಲ್ಫ್ ಕೂಡ ಮೋಟಾರೇ. ಅದರಲ್ಲಿ ಸವೆಯುವ ಭಾಗಗಳು ಕೆಲವೇ: ಕಾರ್ಬನ್ ಬ್ರಷ್, ಬುಷ್, ಸೊಲೆನಾಯ್ಡ್‌ನ ಕಾಂಟ್ಯಾಕ್ಟು, ಎಂಜಿನ್ನಿನ ಹಲ್ಲಿಗೆ ಕಚ್ಚುವ ಪಿನಿಯನ್. ಆಲ್ಟರ್ನೇಟರಿನಲ್ಲಿ ಬೇರಿಂಗ್, ಬ್ರಷ್, ಡಯೋಡ್, ರೆಗ್ಯುಲೇಟರ್. ಹೊರಕವಚ, ಕಬ್ಬಿಣದ ತಿರುಳು ಬಹುಕಾಲ ಬಾಳುತ್ತವೆ.

ಕೆಟ್ಟ ಬ್ರಷ್ ಒಂದನ್ನೇ ಹಾಕಿ ಕೊಡುವುದು ರಿಪೇರಿ. ಪೂರ್ತಿ ಬಿಚ್ಚಿ, ತೊಳೆದು, ಸವೆಯುವ ಭಾಗಗಳನ್ನೆಲ್ಲ ಬದಲಿಸಿ, ಪರೀಕ್ಷಿಸಿ ಕೊಡುವುದು ರೀಕಂಡೀಷನ್. ಎರಡಕ್ಕೂ ಅಂಗಡಿಯಲ್ಲಿ ಒಂದೇ ಹೆಸರು ಹೇಳುವುದುಂಟು. ಏನೇನು ಬದಲಿಸಿದಿರಿ ಎಂದು ಕೇಳಿ, ತೆಗೆದ ಹಳೆಯ ಭಾಗಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸಾಧ್ಯವಾದರೆ ತಮ್ಮ ಕಾರಿನ ಭಾಗವನ್ನೇ ಕಟ್ಟಿಸುವುದು ಮೇಲು. ಬದಲಿಯಾಗಿ ಸಿಗುವ ಬೇರೆ ಕಾರಿನ ಭಾಗದ ಪೂರ್ವಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ.

ಇದು ಬಡವರ ಉಪಾಯವೆಂದು ಮೂಗು ಮುರಿಯಬೇಕಿಲ್ಲ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ ತನ್ನದೇ ಹಳೆಯ ಭಾಗಗಳನ್ನು ಮರುನಿರ್ಮಿಸಿ ಮಾರುವ ಕೆಲಸವನ್ನು 1973ರಲ್ಲೇ ಆರಂಭಿಸಿತು.

ಡೀಲರ್ ಬೆಲೆಯ ಹಿಂದೆ

ಡೀಲರ್ ಕೊಡುವ ಭಾಗದಲ್ಲಿ ಅಳತೆ ತಪ್ಪುವ ಭಯ ಕಡಿಮೆ. ಬಿಲ್ಲು, ವಾರಂಟಿ ಇರುತ್ತವೆ. ಆದರೆ ಬೆಲೆ ಹೆಚ್ಚಿರುವುದಕ್ಕೆ ಗುಣಮಟ್ಟವೊಂದೇ ಕಾರಣವಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳನ್ನೂ ದುರಸ್ತಿಗೆ ಬೇಕಾದ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಾರೆ ಎಂಬುದು ಆಯೋಗದ ತೀರ್ಮಾನವಾಗಿತ್ತು. ಕಂಪನಿಗಳು ಮೇಲ್ಮನವಿ ಹೋದವು. ಹೊರಗಡೆ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕುವಂತಿಲ್ಲ ಎಂದೂ ಆ ಆದೇಶ ಹೇಳಿತ್ತು. ಆದರೂ ವಾರಂಟಿ ಅವಧಿಯಲ್ಲಿರುವ ಕಾರನ್ನು ಮೊದಲು ಡೀಲರ್ ಬಳಿಗೇ ಒಯ್ಯುವುದು ಜಾಣತನ. ಅಲ್ಲಿ ಭಾಗವೇ ಪುಕ್ಕಟೆ ಸಿಗಬಹುದು.

ಮನೆಯಲ್ಲೇ ಒಂದು ಲೆಕ್ಕ

ಹೊಸ ಸೆಲ್ಫಿಗೆ 8,000 ರೂಪಾಯಿ, ಕಟ್ಟಿಸಲು 3,500 ರೂಪಾಯಿ ಎಂದಿಟ್ಟುಕೊಳ್ಳಿ. ಹೊಸದು ಐದು ವರ್ಷ ಬಾಳಿದರೆ ತಿಂಗಳಿಗೆ 133 ರೂಪಾಯಿ ಬಿದ್ದಂತಾಯಿತು. ಕಟ್ಟಿಸಿದ್ದು ಒಂದೂವರೆ ವರ್ಷಕ್ಕೇ ಕೈಕೊಟ್ಟರೆ ತಿಂಗಳಿಗೆ 194; ಮೂರು ವರ್ಷ ಬಂದರೆ 97. ಅಂದರೆ ಕಟ್ಟಿಸಿದ್ದು ಕನಿಷ್ಠ 27 ತಿಂಗಳು ಬಾಳಿದರೆ ಮಾತ್ರ ಲಾಭ.

ಇದಕ್ಕೆ ಕಾರಿನ ವಯಸ್ಸನ್ನೂ ಸೇರಿಸಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇನ್ನೆರಡು ವರ್ಷದಲ್ಲಿ ಕಾರು ಮಾರುವ ಯೋಚನೆಯಿದ್ದರೆ ಹೊಸ ಸೆಲ್ಫ್ ತಿಂಗಳಿಗೆ 333 ರೂಪಾಯಿ ಬೀಳುತ್ತದೆ, ಕಟ್ಟಿಸಿದ್ದು 146. ಊರಿನ ಗ್ಯಾರೇಜಿನಲ್ಲಿ ಹೇಳಿದ ದರವನ್ನೇ ಹಾಕಿ ಈ ಲೆಕ್ಕವನ್ನು ಮಕ್ಕಳೇ ಮಾಡಲಿ.

ಲೆಕ್ಕ ಹಾಕಬಾರದ ಜಾಗ

ಸೆಲ್ಫ್ ಕೆಟ್ಟರೆ ಕಾರು ಮನೆ ಮುಂದೆ ನಿಲ್ಲುತ್ತದೆ. ಬ್ರೇಕ್ ಹೋಸ್, ಸ್ಟಿಯರಿಂಗಿನ ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಕೆಟ್ಟರೆ ಕಾರು ನಿಲ್ಲುವುದೇ ಇಲ್ಲ, ಇಲ್ಲವೇ ಹೇಳಿದ ಕಡೆ ತಿರುಗುವುದಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರುಗಳು ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಸಾಗುತ್ತವೆ. ಮಳವಳ್ಳಿ ರಸ್ತೆಯ ನಲವತ್ತರ ವೇಗದಲ್ಲಿ ಹೇಗೋ ತಡೆದುಕೊಂಡ ಸವೆದ ಜಾಯಿಂಟು ಅಲ್ಲಿ ತಡೆಯಲಾರದು. ಈ ಭಾಗಗಳು, ಸೀಟ್ ಬೆಲ್ಟ್, ಏರ್‌ಬ್ಯಾಗ್, ಎಂಜಿನ್ನಿನ ಟೈಮಿಂಗ್ ಬೆಲ್ಟ್ ಹೊಸದೇ ಇರಬೇಕು, ಅಸಲಿಯೇ ಇರಬೇಕು. ಸೆಲ್ಫ್ ಕಟ್ಟಿಸಿ ಉಳಿಸಿದ ಹಣವನ್ನು ಇಲ್ಲಿ ಹಾಕಿದರೆ ಅದು ಸದ್ವಿನಿಯೋಗ.

ಬಿಲ್ಲು ಬಿಡಬೇಡಿ

ಡಬ್ಬಿಯಲ್ಲಿ ಬರುವ ಭಾಗದ ಮೇಲೆ ತಯಾರಕರ ಹೆಸರು, ವಿಳಾಸ, ಗರಿಷ್ಠ ಬೆಲೆ ಇರಲೇಬೇಕು. ಪಾರ್ಟ್ ನಂಬರ್ ಹಳೆಯದಕ್ಕೆ ತಾಳೆಯಾಗಬೇಕು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣುತ್ತದೆಯೇ ನೋಡಿಕೊಳ್ಳಬೇಕು. ಕಟ್ಟಿಸಿದ ಭಾಗಕ್ಕೆ ‘ಏನಾದ್ರೂ ಆದ್ರೆ ತಕ್ಕೊಂಡ್ ಬನ್ನಿ’ ಎಂಬ ಬಾಯಿಮಾತು ಸಾಲದು. ಎಷ್ಟು ತಿಂಗಳ ಖಾತರಿ ಎಂದು ಬಿಲ್ಲಿನಲ್ಲಿ ಬರೆಸಬೇಕು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು; ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಮುಂದಿನ ಸಲ ಕಾರು ಗ್ಯಾರೇಜಿಗೆ ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಬಿಚ್ಚಿಟ್ಟ ಸೆಲ್ಫ್ ಮೋಟಾರಿನ ಆರ್ಮೇಚರ್, ಪುಸ್ತಕದ ಚಿತ್ರದಲ್ಲಿ ಕಂಡದ್ದೇ. ಐ.ಟಿ.ಐ.ನಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕಾನಿಕ್ ತರಬೇತಿ ಸೇರುವ ಮನಸ್ಸಿರುವ ಹುಡುಗರಿಗಂತೂ ಅರ್ಧ ದಿನ ಅಲ್ಲಿ ನಿಂತು ನೋಡಿದರೆ, ಈ ಕೆಲಸ ತಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದೂ ತಿಳಿದುಹೋಗುತ್ತದೆ.