ಡಬ್ಬಿಯ ಮೇಲಿನ ಅಂಕಿ

ಮಗಳು ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದಾಗ ತಂದೆ ಬಿಡಿಭಾಗಗಳನ್ನು ಕೊಂಡು ಅವಳಿಗೊಂದು ಕಂಪ್ಯೂಟರ್ ಜೋಡಿಸಿಕೊಟ್ಟರು. ಮೆಮೊರಿಯ ಸರದಿ ಬಂದಾಗ ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ಸಾಧಾರಣದ್ದು. ಇನ್ನೊಂದರ ಡಬ್ಬಿಯ ಮೇಲೆ 3200 ಎಂದು ದಪ್ಪ ಅಂಕಿಗಳಲ್ಲಿ ಅಚ್ಚಾಗಿತ್ತು, ಬೆಲೆಯೂ ಹೆಚ್ಚು. ಓದುವ ಮಗುವಿಗೆ ಒಳ್ಳೆಯದೇ ಇರಲಿ ಎಂದು ತಂದೆ ಎರಡನೆಯದನ್ನೇ ಆರಿಸಿದರು. ಮನೆಗೆ ತಂದು ಚಾಲೂ ಮಾಡಿ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ವೇಗ 2133 ಎಂದಿತ್ತು! ಮೂರರಲ್ಲೊಂದು ಪಾಲು ಎಲ್ಲಿ ಹೋಯಿತು? ಅಂಗಡಿಯವರು ಮೋಸ ಮಾಡಿರಬಹುದೇ?

ಇಂಥ ಅನುಮಾನ ಕೇವಲ ಒಂದು ಮನೆಯದಲ್ಲ. ಅಮೆರಿಕದಲ್ಲಿ ಇದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಮುದ್ರಿಸಿದ ವೇಗ ತಾನಾಗಿ ದೊರೆಯುವುದಿಲ್ಲ ಎಂದು ಗ್ರಾಹಕರು ಹೂಡಿದ ದಾವೆಯಲ್ಲಿ ಮೆಮೊರಿ ತಯಾರಿಸುವ ಕೋರ್ಸೇರ್ ಸಂಸ್ಥೆ, ತಪ್ಪನ್ನು ಒಪ್ಪಿಕೊಳ್ಳದೆಯೇ, 55 ಲಕ್ಷ ಡಾಲರ್ ನೀಡಿ ರಾಜಿಯಾಗಲು 2025ರಲ್ಲಿ ಸಮ್ಮತಿಸಿತು. ಹಾಗಾದರೆ ಡಬ್ಬಿಯ ಮೇಲಿನ ಅಂಕಿ ಸುಳ್ಳೇ? ಸುಳ್ಳಲ್ಲ. ಆದರೆ ಅದು ಷರತ್ತುಗಳಿಗೆ ಒಳಪಟ್ಟ ಮಾತು. ಆ ಷರತ್ತುಗಳನ್ನು ಅರಿಯಲು ಮೆಮೊರಿ ಕೆಲಸ ಮಾಡುವ ಬಗೆಯನ್ನು ತುಸು ನೋಡಬೇಕು.

ಸೋರುವ ಕೊಡಗಳು

ಎಂಟು ಗಿಗಾಬೈಟಿನ ಒಂದು ಮೆಮೊರಿ ಪಟ್ಟಿಯಲ್ಲಿ ಆರು ಸಾವಿರ ಕೋಟಿಗೂ ಹೆಚ್ಚು ಕೋಶಗಳಿರುತ್ತವೆ. ಪ್ರತಿ ಕೋಶದಲ್ಲಿ ಒಂದು ಟ್ರಾನ್ಸಿಸ್ಟರ್, ಒಂದು ಧಾರಕ, ಅಂದರೆ ಕೆಪಾಸಿಟರ್. ಧಾರಕದಲ್ಲಿ ವಿದ್ಯುದಾವೇಶ ಇದ್ದರೆ 1, ಇಲ್ಲದಿದ್ದರೆ 0. ಇಷ್ಟು ಸರಳವಾದ ಕೋಶವನ್ನು 1966ರಲ್ಲಿ ಕಲ್ಪಿಸಿದವರು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್. ಅದಕ್ಕೆ 1968ರಲ್ಲಿ ಪೇಟೆಂಟ್ ದೊರೆಯಿತು. ಇಂದಿನ ಕಂಪ್ಯೂಟರ್, ಮೊಬೈಲುಗಳಲ್ಲಿರುವ ಮೆಮೊರಿಗೆಲ್ಲ ಅದೇ ಮೂಲ.

ಈ ಧಾರಕಗಳು ತೂತು ಕೊಡಗಳಿದ್ದಂತೆ. ತುಂಬಿದ ಆವೇಶ ಸೋರಿಹೋಗುತ್ತಿರುತ್ತದೆ. ಆದ್ದರಿಂದ ಡಿಡಿಆರ್4 ಮೆಮೊರಿಯಲ್ಲಿ ಸಾಮಾನ್ಯ ಉಷ್ಣತೆಯಲ್ಲಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೋಶಗಳನ್ನೂ ಓದಿ ಮತ್ತೆ ತುಂಬಿಸಲಾಗುತ್ತದೆ. ಓದುವುದೂ ಸುಲಭವಲ್ಲ. ಅತ್ಯಲ್ಪ ಆವೇಶವನ್ನು ಗುರುತಿಸಿ, ವರ್ಧಿಸಿ, ತಂತಿಗೆ ಬಿಡಲು ಸಮಯ ಬೇಕು. ಅವಸರ ಮಾಡಿದರೆ 1 ಇದ್ದದ್ದು 0 ಎಂದು ಕಂಡೀತು.

ಡಿಡಿಆರ್ ಎಂಬ ಹೆಸರಿನಲ್ಲೇ ಒಂದು ಗುಟ್ಟಿದೆ. ಈ ಮೆಮೊರಿ ಗಡಿಯಾರದ ಒಂದು ಮಿಡಿತಕ್ಕೆ ಎರಡು ಬಾರಿ ಮಾಹಿತಿ ರವಾನಿಸುತ್ತದೆ. 3200 ಎಂದರೆ ಸೆಕೆಂಡಿಗೆ 320 ಕೋಟಿ ರವಾನೆಗಳು. ಗಡಿಯಾರ ಮಾತ್ರ 1600 ಮೆಗಾಹರ್ಟ್ಸ್. ಕೆಲವು ತಂತ್ರಾಂಶಗಳು 1600 ಎಂದೇ ತೋರಿಸುವುದರಿಂದ ಅರ್ಧ ವೇಗ ಮಾಯವಾಯಿತೆಂದು ಗಾಬರಿಪಡಬೇಕಿಲ್ಲ. ಪ್ರತಿ ರವಾನೆಗೆ 8 ಬೈಟಿನಂತೆ ಸೆಕೆಂಡಿಗೆ 25.6 ಗಿಗಾಬೈಟ್ ಸಾಗುತ್ತದೆ. 2133ರಲ್ಲಾದರೆ ಸುಮಾರು 17 ಗಿಗಾಬೈಟ್. ಮೇಲಿನ ಮನೆಯಲ್ಲಿ ಕಂಡದ್ದು ಅರ್ಧದ ಲೆಕ್ಕವಲ್ಲ, ನಿಜವಾದ ಕೊರತೆ.

ಮೊದಲ ದಿನದ ಉಕ್ತಲೇಖನ

ಈ ಕೊರತೆಗೆ ಕಾರಣವೇನು? ಹೊಸ ತರಗತಿಗೆ ಮೊದಲ ದಿನ ಬಂದ ಮೇಷ್ಟ್ರು ಉಕ್ತಲೇಖನ ಕೊಡುವ ಬಗೆಯನ್ನು ನೆನಪಿಸಿಕೊಳ್ಳಬಹುದು. ಯಾರ ಕೈ ಎಷ್ಟು ಚುರುಕು ಎಂಬುದು ಅವರಿಗೆ ಗೊತ್ತಿಲ್ಲ. ಆದ್ದರಿಂದ ಎಲ್ಲರೂ ಬರೆಯಬಲ್ಲಷ್ಟು ನಿಧಾನವಾಗಿ ಹೇಳುತ್ತಾರೆ. ಮದರ್‌ಬೋರ್ಡ್ ಮಾಡುವುದೂ ಇದನ್ನೇ.

ಎಲ್ಲರಿಗೂ ಹೊಂದುವ ವೇಗಗಳನ್ನು ಗೊತ್ತುಪಡಿಸುವುದು 1958ರಲ್ಲಿ ಹುಟ್ಟಿದ ಜೆಡೆಕ್ ಎಂಬ ಮಾನಕ ಸಂಸ್ಥೆ. ಡಿಡಿಆರ್4ರ ಮಾನಕವನ್ನು ಅದು 2012ರಲ್ಲಿಯೂ ಡಿಡಿಆರ್5ರದನ್ನು 2020ರಲ್ಲಿಯೂ ಪ್ರಕಟಿಸಿತು. ಪ್ರತಿ ಮೆಮೊರಿ ಪಟ್ಟಿಯ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ. ಆ ಪಟ್ಟಿಯ ಜಾತಕವೆಲ್ಲ ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ಚಾಲೂ ಆದೊಡನೆ ಮದರ್‌ಬೋರ್ಡ್ ಅದನ್ನು ಓದಿ, ಮಾನಕಕ್ಕೆ ಒಪ್ಪುವ ವೇಗವನ್ನು ಆರಿಸಿಕೊಳ್ಳುತ್ತದೆ. ಡಿಡಿಆರ್4ರ ಅನೇಕ ಪಟ್ಟಿಗಳಲ್ಲಿ ಅದು 2133 ಅಥವಾ 2400. ಡಿಡಿಆರ್5ರಲ್ಲಿ ಸಾಮಾನ್ಯವಾಗಿ 4800.

ಡಬ್ಬಿಯ ಮೇಲಿನ ಹೆಚ್ಚಿನ ವೇಗವೂ ಅದೇ ಚಿಪ್‌ನಲ್ಲಿ ಬೇರೊಂದು ಪುಟದಲ್ಲಿರುತ್ತದೆ. ಇಂಟೆಲ್ 2007ರಲ್ಲಿ ತಂದ ಈ ಏರ್ಪಾಟಿಗೆ ಎಕ್ಸ್‌ಎಂಪಿ ಎಂದು ಹೆಸರು. ಡಿಡಿಆರ್5ಕ್ಕಾಗಿ ಎಎಂಡಿ 2022ರಲ್ಲಿ ತಂದದ್ದು ಎಕ್ಸ್‌ಪೋ. ಇಲ್ಲಿ ಮೆಮೊರಿಗೆ ಕೊಡುವ ವಿದ್ಯುತ್ತೂ ತುಸು ಹೆಚ್ಚು: ಡಿಡಿಆರ್4ರ ಮಾನಕ 1.2 ವೋಲ್ಟ್ ಆದರೆ ಎಕ್ಸ್‌ಎಂಪಿಯಲ್ಲಿ ಸಾಮಾನ್ಯವಾಗಿ 1.35 ವೋಲ್ಟ್. ಮಾಲೀಕರು ಹೇಳದೆ ಮದರ್‌ಬೋರ್ಡ್ ಈ ಪುಟಕ್ಕೆ ಕೈಹಾಕುವುದಿಲ್ಲ. 3200 ಎಂದಿದ್ದು 1.2 ವೋಲ್ಟ್‌ನದೇ ಆಗಿರುವ ಪಟ್ಟಿಗಳೂ ಉಂಟು. ಪ್ರೊಸೆಸರ್ ಮತ್ತು ಬೋರ್ಡ್ ಒಪ್ಪಿದರೆ ಅವು ತಾವಾಗಿಯೇ ಆ ವೇಗಕ್ಕೆ ಬರುತ್ತವೆ.

ಕೊಳ್ಳುವಾಗ ಸಿಎಲ್ ಎಂಬ ಅಂಕಿಯನ್ನೂ ನೋಡಬೇಕು. ಕೇಳಿದ ಮಾಹಿತಿ ಹೊರಬರಲು ಎಷ್ಟು ಮಿಡಿತ ಕಾಯಬೇಕು ಎಂಬುದನ್ನು ಅದು ತಿಳಿಸುತ್ತದೆ. 3200ರ ಪಟ್ಟಿಯಲ್ಲಿ ಸಿಎಲ್ 16 ಇದ್ದರೆ ಕಾಯುವ ಅವಧಿ 10 ನ್ಯಾನೊಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಸಾಗುವುದು ಮೂರೇ ಮೀಟರ್! ಸಿಎಲ್ 22 ಇದ್ದರೆ 13.75 ನ್ಯಾನೊಸೆಕೆಂಡ್. 2133ರಲ್ಲಿ ಸಿಎಲ್ 15 ಆದಾಗ ಸುಮಾರು 14. ಹೀಗಾಗಿ ಎರಡು ಡಬ್ಬಿಗಳ ಮೇಲೂ 3200 ಎಂದಿದ್ದ ಮಾತ್ರಕ್ಕೆ ಅವೆರಡೂ ಒಂದೇ ಅಲ್ಲ.

ಮೂವರ ಒಪ್ಪಿಗೆ

ಮೇಷ್ಟ್ರು ವೇಗವಾಗಿ ಹೇಳಬೇಕಾದರೆ ಮಕ್ಕಳ ಕೈ ಚುರುಕಾಗಿದ್ದರೆ ಸಾಲದು. ಮೇಷ್ಟ್ರ ನಾಲಿಗೆಯೂ ಹೊರಳಬೇಕು, ಕೋಣೆಯಲ್ಲಿ ಗದ್ದಲವೂ ಇರಬಾರದು. ಹಾಗೆಯೇ ಮೆಮೊರಿಯೊಂದಿಗೆ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಕೂಡ ಒಪ್ಪಬೇಕು. ಮೆಮೊರಿಯನ್ನು ನಿಯಂತ್ರಿಸುವ ಭಾಗ ಈಗ ಪ್ರೊಸೆಸರಿನ ಒಳಗೇ ಇದೆ. ಎಎಂಡಿಯ ರೈಜನ್ 7000 ಸರಣಿಗೆ ತಯಾರಕರು ಹೇಳಿರುವ ಮಿತಿ ಎರಡು ಪಟ್ಟಿಗಳಿದ್ದಾಗ 5200, ನಾಲ್ಕಿದ್ದಾಗ 3600. ಇಂಟೆಲ್‌ನ ಬಿ460 ಚಿಪ್‌ಸೆಟ್ ಇರುವ ಬೋರ್ಡುಗಳಲ್ಲಿ ಮಿತಿ ಮೀರಲು ಅವಕಾಶವಿರಲಿಲ್ಲ. 2021ರ ಬಿ560ರಲ್ಲಿ ಅವಕಾಶ ಬಂತು. ಇದನ್ನು ತಿಳಿಯದೆ ಹೆಚ್ಚು ಹಣ ತೆತ್ತರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ತಂತಿಯ ಉದ್ದವೂ ಇಲ್ಲಿ ಮುಖ್ಯ. 3200ರ ವೇಗದಲ್ಲಿ ಒಂದು ಬಿಟ್‌ಗೆ ಸಿಗುವ ಕಾಲ ನ್ಯಾನೊಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲಿ ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತ ಸಾಗುವುದು ಐದು ಸೆಂಟಿಮೀಟರಿನ ಆಸುಪಾಸು. ಗೆರೆಯ ಕೊನೆ ಖಾಲಿ ಬಿದ್ದಿದ್ದರೆ ಸಂಕೇತ ಅಲ್ಲಿಂದ ಪ್ರತಿಧ್ವನಿಯಂತೆ ಮರಳಿ ಬಂದು ಮುಂದಿನ ಬಿಟ್ಟನ್ನು ಕೆಡಿಸಬಲ್ಲದು. ಆದ್ದರಿಂದಲೇ ನಾಲ್ಕು ಸ್ಲಾಟುಗಳಿರುವ ಬಹುತೇಕ ಬೋರ್ಡುಗಳಲ್ಲಿ ಎರಡು ಪಟ್ಟಿಗಳನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಲು ಹೇಳುತ್ತಾರೆ. ಬೋರ್ಡಿನೊಂದಿಗೆ ಬರುವ ಕೈಪಿಡಿಯಲ್ಲಿ ಇದರ ಚಿತ್ರವಿರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಆ ಮನೆಯ ಮಗಳು ಕೈಪಿಡಿ ತೆರೆದಾಗ ಮೊದಲ ತಪ್ಪು ಸಿಕ್ಕಿತು. ಎರಡೂ ಪಟ್ಟಿಗಳು ಅಕ್ಕಪಕ್ಕದ ಸ್ಲಾಟುಗಳಲ್ಲಿದ್ದವು. ಹೀಗಾಗಿ ಎರಡು ದಾರಿಗಳಲ್ಲಿ ಸಾಗಬೇಕಾದ ಮಾಹಿತಿ ಒಂದೇ ದಾರಿಯಲ್ಲಿ ಸಾಗುತ್ತಿತ್ತು. ವಿದ್ಯುತ್ ಸಂಪರ್ಕ ತೆಗೆದು, ಪಟ್ಟಿಗಳನ್ನು ಎರಡು ಮತ್ತು ನಾಲ್ಕಕ್ಕೆ ಬದಲಿಸಿದಳು. ಮತ್ತೆ ಚಾಲೂ ಮಾಡುವಾಗ ಡಿಲೀಟ್ ಕೀಲಿ ಒತ್ತಿ ಬಯಾಸ್‌ಗೆ ಹೋಗಿ, ಎಕ್ಸ್‌ಎಂಪಿ ಆರಿಸಿ, ಉಳಿಸಿ ಹೊರಬಂದಳು. ಪರದೆ ಕೆಲವು ಕ್ಷಣ ಕಪ್ಪಾಗಿತ್ತು. ಡಿಡಿಆರ್5 ಆದರೆ ಮೊದಲ ಸಲ ಹಲವು ನಿಮಿಷವೇ ಹಿಡಿಯಬಹುದು. ನಡುವೆ ಸ್ವಿಚ್ ಆರಿಸಬಾರದು. ಚಿತ್ರವೇ ಬಾರದಿದ್ದರೆ ಸಂಪರ್ಕ ತೆಗೆದು, ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟರೆ ಸಾಮಾನ್ಯವಾಗಿ ಹಳೆಯ ವೇಗ ಮರಳುತ್ತದೆ.

ಈಗ ಟಾಸ್ಕ್ ಮ್ಯಾನೇಜರ್ 3200 ಎಂದಿತು. ತಂದೆಗೆ ಸಮಾಧಾನವಾಯಿತು. ಆದರೆ ಎರಡು ದಿನ ಕಳೆಯುವುದರೊಳಗೆ ತಂತ್ರಾಂಶಗಳು ತಾವಾಗಿಯೇ ಮುಚ್ಚಿಕೊಳ್ಳತೊಡಗಿದವು. ಉಳಿಸಿಟ್ಟ ಒಂದು ಕಡತ ತೆರೆಯಲೇ ಇಲ್ಲ.

ಮಗಳು ಪ್ರಯೋಗಶಾಲೆಯ ಕ್ರಮವನ್ನೇ ಹಿಡಿದಳು. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿ ಪರೀಕ್ಷೆಗೆ ತೊಡಗಿದಳು. 2133ರಲ್ಲಿ ಎರಡೂ ಪಟ್ಟಿ: ತಪ್ಪು ಸೊನ್ನೆ. 3200ರಲ್ಲಿ ಎರಡೂ ಪಟ್ಟಿ: ತಪ್ಪುಗಳು ಬಂದವು. 3200ರಲ್ಲಿ ಮೊದಲನೆಯದು ಮಾತ್ರ: ಸೊನ್ನೆ. ಅದೇ ಸ್ಲಾಟಿನಲ್ಲಿ ಎರಡನೆಯದು ಮಾತ್ರ: ಮತ್ತೆ ತಪ್ಪುಗಳು. ಸ್ಲಾಟ್ ಅದೇ, ವೇಗ ಅದೇ, ಪ್ರೊಸೆಸರ್ ಅದೇ. ಬದಲಾದದ್ದು ಪಟ್ಟಿ ಮಾತ್ರ. ಆದ್ದರಿಂದ ದೋಷ ಎರಡನೆಯ ಪಟ್ಟಿಯದೇ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟಳು. ಜಗಳಕ್ಕೆ ಸಿದ್ಧರಾಗಿ ಅಂಗಡಿಗೆ ಹೋದ ತಂದೆಗೆ ದನಿ ಏರಿಸುವ ಪ್ರಸಂಗವೇ ಬರಲಿಲ್ಲ. ಅಂಗಡಿಯವರು ಹಾಳೆ ಓದಿ, ಜೋಡಿಯನ್ನೇ ಬದಲಿಸಿಕೊಟ್ಟರು. ಹೊಸ ಜೋಡಿ ರಾತ್ರಿಯಿಡೀ 3200ರಲ್ಲಿ ನಡೆದರೂ ಒಂದು ತಪ್ಪೂ ಕಾಣಲಿಲ್ಲ.

2133ಕ್ಕೇ ತೃಪ್ತಿಪಟ್ಟಿದ್ದರೆ ಆ ಪಟ್ಟಿಯ ದೋಷ ಗೊತ್ತೇ ಆಗುತ್ತಿರಲಿಲ್ಲ. 3200 ಎಂದು ಕಂಡೊಡನೆ ಸುಮ್ಮನಾಗಿದ್ದರೆ ಒಂದೊಂದೇ ಬಿಟ್ ತಪ್ಪಾಗುತ್ತ ವರ್ಷದ ಪ್ರಾಜೆಕ್ಟ್ ಕಡತಗಳಿಗೇ ಕುತ್ತು ಬರಬಹುದಿತ್ತು. ಮೆಮೊರಿಯ ಪರೀಕ್ಷೆಯಲ್ಲಿ ಪಾಸಾಗಲು ಮೂವತ್ತೈದು ಅಂಕ ಸಾಲದು, ನೂರಕ್ಕೆ ನೂರು ಬೇಕು. ತಪ್ಪು ಬಂದಾಗ ಪಟ್ಟಿ ಬದಲಿಸಲು ಸಾಧ್ಯವಾಗದಿದ್ದರೆ ವೇಗವನ್ನು ಒಂದು ಮೆಟ್ಟಿಲು ಇಳಿಸಿ, ಮತ್ತೆ ಪರೀಕ್ಷಿಸಿ, ತಪ್ಪಿಲ್ಲದ ಕಡೆ ನಿಲ್ಲುವುದೇ ಸರಿ. ಪ್ರೊಸೆಸರನ್ನು ಮಿತಿ ಮೀರಿದ ವೇಗದಲ್ಲಿ ದುಡಿಸಿದರೆ ಅದರ ವಾರಂಟಿ ಅನ್ವಯವಾಗದಿರಬಹುದು ಎಂಬ ತಯಾರಕರ ಎಚ್ಚರಿಕೆಯನ್ನೂ ಓದಿಕೊಳ್ಳಬೇಕು.

ಇಷ್ಟಕ್ಕೂ ಲಾಭವೆಷ್ಟು? ಪತ್ರ ಬರೆಯಲು, ಪಾಠದ ವಿಡಿಯೊ ನೋಡಲು 2133ಕ್ಕೂ 3200ಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನೆಚ್ಚಿದ ಯಂತ್ರಗಳಲ್ಲಿ ಚಿತ್ರದ ಕೆಲಸ ಮಾಡುವಾಗ ಲಾಭ ಚೆನ್ನಾಗಿ ತಿಳಿಯುತ್ತದೆ. ಏಕೆಂದರೆ ಅದು ಬಳಸುವುದೂ ಇದೇ ಮೆಮೊರಿಯನ್ನು. ಆದ್ದರಿಂದ ಹಣ ಮಿತವಾಗಿದ್ದರೆ ಮೊದಲು ಸಾಕಷ್ಟು ಗಿಗಾಬೈಟ್, ನಂತರ ಒಂದರ ಬದಲು ಜೋಡಿ ಪಟ್ಟಿ, ಆಮೇಲೆ ವೇಗ. ಈ ಕ್ರಮ ಲೇಸು.

ಆ ಹಾಳೆಯನ್ನು ತಂದೆ ಬಿಲ್ಲಿನ ಜೊತೆಗೇ ಮಡಿಸಿಟ್ಟಿದ್ದಾರೆ. ಬಿಲ್ಲಿನಲ್ಲಿ ಅಂಗಡಿಯವರು ಬರೆದ 3200 ಇದೆ. ಹಾಳೆಯಲ್ಲಿ ಮಗಳು ಪರೀಕ್ಷಿಸಿ ಬರೆದ 3200 ಇದೆ.